ಬುಧವಾರದ ಬಯಕೆ

ಹೈದರಾಬಾದಿನ ಆ ಗಲ್ಲಿಯಲ್ಲಿ ಬೋರ್ಡೇ ಇರಲಿಲ್ಲ. ಕೆಳಗೆ ಚಸ್ಮದ ಅಂಗಡಿ, ಅದರ ಪಕ್ಕದಲ್ಲಿ ಒಬ್ಬರೇ ಹತ್ತಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು, ಮೇಲೆ ಬಾಗಿಲಿಗೆ ಅರ್ಧದವರೆಗೆ ಇಳಿಬಿಟ್ಟ ನೀಲಿ ಬಟ್ಟೆ. "ತಲಿ ಬಗ್ಗಿಸು ಅಮ್ಮ" ಎಂದು ನನ್ನ ಮಗಳು ಮುಂದೆ ನಡೆದಳು. ಅವಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತಾಳೆ. ಮೊಣಕಾಲು ನೋವು ತೋರಿಸಿಕೊಳ್ಳಲು ಸಿಂಧನೂರಿನಿಂದ ಬಂದ ತಾಯಿಯನ್ನು ಅಂಥ ಮೆಟ್ಟಿಲು ಹತ್ತಿಸಿದಳೆಂದರೆ ಅವಳ ವೈದ್ಯಕ್ಕೆ ಏನನ್ನಬೇಕು. ಒಳಗೆ ನಾಲ್ಕೇ ಮೇಜು. ಜಪಾನಿನ ವಯಸ್ಸಾದ ಗಂಡ ಹೆಂಡತಿ ನಡೆಸುವ ಖಾನಾವಳಿಯಂತೆ. ಮೀನು ದಿನಾ ಮುಂಜಾನೆ ವೈಜಾಗಿನಿಂದ ಬರುತ್ತದಂತೆ. ಬಲ್ಲವರು ಮಾತ್ರ ಹುಡುಕಿಕೊಂಡು ಬರುತ್ತಾರಂತೆ.

ನನಗೆ ಬದನೆಕಾಯಿ ಹಾಕಿದ ಅನ್ನ ತರಿಸಿದಳು. ತನಗೆ ಏನು ಹೇಳಿದಳೋ ತಿಳಿಯಲಿಲ್ಲ, ಬಂದ ಮೇಲೆ ತಿಳಿಯಿತು. ಆಳವಾದ ಬೋಗುಣಿ, ಅದರ ತುಂಬ ಬಿಸಿ ಅನ್ನ, ಅನ್ನದ ಮೇಲೆ ಒತ್ತೊತ್ತಾಗಿ ಮೀನಿನ ತುಣುಕು, ಸೀಗಡಿ. ಬೋಗುಣಿಯನ್ನು ಮುಟ್ಟದೆ ಮಗಳು ನನ್ನ ಮುಖವನ್ನೇ ನೋಡುತ್ತ ಕುಳಿತಳು. ನಮ್ಮದು ಲಿಂಗವಂತರ ಮನೆ. ಮುಖ ಸಿಂಡರಿಸುತ್ತೇನೆ, ಎದ್ದು ಹೋಗುತ್ತೇನೆ ಎಂದು ಕಾದಿದ್ದಳೇನೋ. ಆದರೆ ಬಿಸಿ ಅನ್ನದ ಹಬೆಯಲ್ಲಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣ ಮುಂದೆ ಬಂದವರು ನಮ್ಮತ್ತೆ. ಮೀನಿನ ವಾಸನೆಗೆ ನಮ್ಮತ್ತೆ ನೆನಪಾದರು ಎಂದರೆ, ಅವರನ್ನು ಬಲ್ಲ ಸಿಂಧನೂರಿನ ಮಂದಿ ನನಗೇ ತಲೆ ಕೆಟ್ಟಿದೆ ಎಂದಾರು.

ಅತ್ತೆಯ ಮಡಿ ಅಂಥಿಂಥದಲ್ಲ. ಲಿಂಗಪೂಜೆ ಆಗದೆ ಹನಿ ನೀರು ಗಂಟಲಿಗೆ ಇಳಿಯುತ್ತಿರಲಿಲ್ಲ. ಮದುವೆಗೆ ಹೋದರೂ ಕುಡಿಯುವ ನೀರಿನ ತಂಬಿಗೆ ಮನೆಯಿಂದಲೇ ಹೊರಡಬೇಕು. ಉಳ್ಳಾಗಡ್ಡಿ ಹೆಚ್ಚಿದ ಚಾಕು ಟೊಮೆಟೊಗೆ ತಾಗಿದರೆ ಆ ಟೊಮೆಟೊ ಬೀದಿಯ ಆಕಳಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಣ್ಣುಮಗಳನ್ನು "ಇವತ್ತ ಮನ್ಯಾಗ ಏನು ಅಡಗಿ?" ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಡಿದ ಬಾಯಿಂದ ಶಿವನ ಹೆಸರು ಹೇಗೆ ಹೇಳುವುದು ಎನ್ನುವುದು ಅವರ ಲೆಕ್ಕ. ಲಿಂಗಸುಗೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅವರಿಗೆ ಎಷ್ಟು ಹೆದರುತ್ತಿದ್ದೆನೆಂದರೆ, ಅವರ ಹೆಜ್ಜೆಯ ಸಪ್ಪಳಕ್ಕೆ ಕೈಯಲ್ಲಿದ್ದ ಸೌಟು ತಾನಾಗಿ ಅಲ್ಲಾಡುತ್ತಿತ್ತು.

ಈ ಮಗಳಿಗಿಂತ ಮೊದಲು ಎರಡು ಸಲ ನನಗೆ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ನಿಂತಿತು, ಆದರೆ ಹೊಟ್ಟೆಯಲ್ಲಿ ಅನ್ನ ನಿಲ್ಲಲಿಲ್ಲ. ಅನ್ನ ಕುದಿಯುವ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ರೊಟ್ಟಿ, ಗಂಜಿ, ಹಣ್ಣು, ಯಾವುದೂ ಉಳಿಯಲಿಲ್ಲ. ಐದು ತಿಂಗಳಾದರೂ ತೂಕ ಏರುವ ಬದಲು ಇಳಿಯುತ್ತಿತ್ತು. ಕಾಲುವೆಯ ಆಚೆ ದವಾಖಾನೆ ಇಟ್ಟಿದ್ದ ಡಾಕ್ಟರಮ್ಮ ಒಂದು ದಿನ ಅತ್ತೆಯನ್ನು ಹೊರಗೆ ಕರೆದು ಹೇಳಿದ್ದು ನನಗೂ ಕೇಳಿಸಿತು: "ಹಿಂಗಽ ಆದ್ರ ಕೂಸು ಉಳಿಯೂದು ಕಷ್ಟ ಐತಿ. ಆಕಿ ಬಾಯಿಗಿ ಏನು ರುಚಿಸತೈತೋ ಅದನ್ನ ಕೊಡ್ರಿ."

ಅಂದಿನಿಂದ ಅತ್ತೆ ನನ್ನ ಬೆನ್ನು ಹತ್ತಿದರು. "ಏನು ಬಯಕಿ ಐತಿ, ಬಾಯಿ ಬಿಟ್ಟು ಹೇಳು ಬೇ. ಬಯಕಿ ತೀರದಿದ್ರ ಹುಟ್ಟಿದ ಕೂಸಿನ ಕಿವಿ ಸೋರತಾವ." ನಾನು ಹುಣಸೆಕಾಯಿ ಎಂದೆ, ಮಂಡಾಳು ಮಿರ್ಚಿ ಎಂದೆ, ಕಾರಹುಣ್ಣಿಮೆಯ ಕರಿಗಡುಬು ಎಂದೆ. ಎಲ್ಲವೂ ಬಂದವು, ಎಲ್ಲವೂ ಬಂದ ಹಾಗೆಯೇ ಹೊರಗೆ ಹೋದವು. ನಿಜವಾದ ಬಯಕೆ ನಾಲಿಗೆಯ ತುದಿಯಲ್ಲಿತ್ತು, ಹೇಳುವ ಧೈರ್ಯ ಇರಲಿಲ್ಲ. ದವಾಖಾನೆಯಿಂದ ಬರುವಾಗ ಆಟೊ ಕಾಲುವೆ ಸೇತುವೆಯ ಹತ್ತಿರ ನಿಧಾನವಾಗುತ್ತಿತ್ತು. ಅಲ್ಲೆಲ್ಲೋ ಸಾಸಿವೆ ಎಣ್ಣೆಯಲ್ಲಿ ಮೀನು ಬೇಯುವ ವಾಸನೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ನನ್ನ ಬಾಯಲ್ಲಿ ನೀರೂರುತ್ತಿತ್ತು. ಹೊಟ್ಟೆ ತಣ್ಣಗೆ ಮಲಗುತ್ತಿತ್ತು. ಯಾವ ಜನ್ಮದ ಕರ್ಮವೋ ಎಂದು ಒಳಗೊಳಗೇ ಅಳುತ್ತಿದ್ದೆ...

ಅತ್ತೆಯ ಕಣ್ಣು ತಪ್ಪಿಸುವುದುಂಟೆ? ಒಂದು ದಿನ ಹಿತ್ತಲಲ್ಲಿ ಬೇಳೆ ಹಸನು ಮಾಡುತ್ತ, ತಲೆ ಎತ್ತದೆ ಕೇಳಿದರು. "ಸೇತುವಿ ಹತ್ರ ಬಂದ್ರ ನಿನ್ನ ಮುಖ ಆ ಕಡಿ ಹೊಳ್ಳತೈತಿ. ಮೀನಽ ಏನು?"

ನಾನು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಬೈಯಲಿಲ್ಲ. ಬೇಳೆಯ ಮೊರವನ್ನು ಕೆಳಗಿಟ್ಟು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯವರೆಗೆ ಹೊರಗೆ ಬರಲಿಲ್ಲ. ಬಂದವರೇ ನನ್ನನ್ನು ಕರೆದು, ಯಾರಿಗೂ ಕೇಳದ ಹಾಗೆ ಹೇಳಿದರು: "ತಿನ್ನೂದು ನೀ ಅಲ್ಲ ಬೇ, ಕೂಸು. ಅದಕ್ಕ ಇನ್ನೂ ಲಿಂಗ ಕಟ್ಟಿಲ್ಲ. ಕಟ್ಟೂತನಾ ಅದು ಯಾವ ಜಾತೀದೂ ಅಲ್ಲ, ಬರೇ ಶಿವನ ಕೂಸು. ಅದರ ಬಾಯಿಗಿ ಅಡ್ಡ ಬರಾಕ ನಾ ಯಾರು?"

ನಮ್ಮಲ್ಲಿ ಬಸುರಿಗೆ ಎಂಟನೆಯ ತಿಂಗಳು ತುಂಬುವುದರೊಳಗೆ ಮಠದ ಅಯ್ಯನವರು ಬಂದು, ಹೊಟ್ಟೆಯಲ್ಲಿರುವ ಕೂಸಿನ ಪಾಲಿನ ಲಿಂಗವನ್ನು ತಾಯಿಯ ತೋಳಿಗೆ ಕಟ್ಟುತ್ತಾರೆ. ಕೂಸು ಹುಟ್ಟುವ ಮೊದಲೇ ಮತಕ್ಕೆ ಸೇರುತ್ತದೆ. ಅಲ್ಲಿಯವರೆಗೆ ಇರುವ ಆ ಸಣ್ಣ ಸಂದಿನಲ್ಲಿ ಅತ್ತೆ ನನಗೊಂದು ದಾರಿ ಹುಡುಕಿದ್ದರು. ದೊಡ್ಡ ದೊಡ್ಡ ಮಠದವರಿಗೂ ಹೊಳೆಯದ ನ್ಯಾಯ ಅದು. ಆ ದಿನ ಬಾಗಿಲು ಹಾಕಿಕೊಂಡು ಅವರು ಶಿವನ ಜೊತೆ ಎಷ್ಟು ಜಗಳಾಡಿದರೋ...

ಸೋಮವಾರ ಶಿವನ ವಾರ, ಆಗದು. ಗುರುವಾರವೂ ಆಗದು. ಬುಧವಾರ ಎಂದು ಗೊತ್ತುಮಾಡಿದರು. ಮನೆಯಲ್ಲಿ "ಮಸ್ಕಿ ಮಲ್ಲಯ್ಯಗ ಹೋಗಿ ಬರತೀವಿ" ಎಂದರು. ಸುಳ್ಳಾಗಬಾರದಲ್ಲ, ಹಾಗಾಗಿ ನಿಜವಾಗಿಯೂ ಮಸ್ಕಿಗೆ ಕರೆದುಕೊಂಡು ಹೋದರು. ನನ್ನನ್ನು ಗುಡ್ಡ ಹತ್ತಿಸಲಿಲ್ಲ. ಬುಡದಲ್ಲೇ ನಿಂತು ಮೇಲಕ್ಕೆ ಕೈಮುಗಿದು ಕಾಯಿ ಒಡೆಸಿದರು. ಮೊದಲು ದೇವರು, ಆಮೇಲೆ ಮೀನು. ಹಿಂದುಮುಂದಾದರೆ ಅವರಿಗೆ ಸಹಿಸದು. ಬಜಾರದಲ್ಲಿ ಒಂದು ಹೊಸ ಬಿಳಿಯ ಬೋಗುಣಿ ಕೊಂಡರು. ಮನೆಯ ಪಾತ್ರೆ ಅಲ್ಲಿಗೆ ಹೋಗಬಾರದು, ಅಲ್ಲಿಯ ಪಾತ್ರೆ ನನ್ನ ಬಾಯಿಗೆ ಬರಬಾರದು. "ಮಾವಗ ಗೊತ್ತಾದ್ರ ಹೆಂಗರೀ ಅತ್ತಿ?" ಎಂದು ನಾನು ನಡುಗಿದರೆ, "ದೇವರಿಗಿ ಸುಳ್ಳು ಹೇಳಬಾರದು. ಮನಿ ಮಂದಿಗಿ ಎಲ್ಲಾ ಹೇಳಬೇಕಂತ ಯಾವ ಶರಣರೂ ಹೇಳಿಲ್ಲ" ಎಂದರು.

ತಿರುಗಿ ಬರುವಾಗ ಕಾಲುವೆ ಸೇತುವೆಯ ಹತ್ತಿರ ಬಸ್ಸಿಳಿದೆವು. ಆ ವಾಸನೆ ಬರುವ ಖಾನಾವಳಿ ಎಲ್ಲಿದೆಯೆಂದು ಯಾರನ್ನು ಕೇಳುವುದು? ಮಾವನದು ಊರಿಗೆಲ್ಲ ಗೊತ್ತಿದ್ದ ಕಿರಾಣಿ ಅಂಗಡಿ. ಶೆಟ್ಟರ ಹೆಂಡತಿಯೇ ಮೀನಿನ ಮನೆ ವಿಚಾರಿಸಿದಳೆಂದರೆ ಸಂಜೆಯೊಳಗೆ ಪಕ್ಕದೂರು ಸಾಲಗುಂದದವರೆಗೂ ಸುದ್ದಿ. "ನಿನ್ನ ಮೂಗಿಗಿ ಗೊತ್ತೈತಿ, ನಡಿ" ಎಂದರು ಅತ್ತೆ. ನಾನು ಮೂಗು ಎತ್ತಿಕೊಂಡು ಮುಂದೆ, ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ. ಅಕ್ಕಿ ಗಿರಣಿಯ ಕಾಂಪೌಂಡು ಹೊಕ್ಕು ತೌಡಿನ ರಾಶಿಯ ಹತ್ತಿರ ಬಂದಾಗ, ಗಿರಣಿಯ ಗುಮಾಸ್ತ ಎದುರಿಗೇ ಸಿಕ್ಕ. ಮಾವನಿಗೆ ಚೆನ್ನಾಗಿ ಗೊತ್ತಿದ್ದವ. "ಏನ್ರೀ ಅಮ್ಮಾರ, ಈ ಕಡಿ?" ಎಂದ. ಅತ್ತೆ ಒಂದು ಗಳಿಗೆ ತೊದಲಿ, "ತೌಡು ಬೇಕಾಗಿತ್ತಪಾ" ಎಂದರು. ಮಾತು ಬಾಯಿ ಬಿಟ್ಟ ಮೇಲೆ ಮುಗಿಯಿತು, ಅದು ನಿಜವಾಗಲೇಬೇಕು. ಎಮ್ಮೆ ಇಲ್ಲದ ಮನೆಗೆ ಆ ದಿನ ಒಂದು ಚೀಲ ತೌಡು ಬಂತು. ಪಕ್ಕದ ಮನೆಯ ಎಮ್ಮೆ ಆ ವಾರ ಹಬ್ಬ ಮಾಡಿತು.

ಗಿರಣಿಯ ಹಿಂದೆ, ಕಾಲುವೆಯ ಏರಿಗೆ ಒತ್ತಿಕೊಂಡು, ತಗಡಿನ ಒಂದು ಚಪ್ಪರ. ಬಂಗಾಳಿ ನಿರಾಶ್ರಿತರ ಕ್ಯಾಂಪಿನ ಹೆಂಗಸೊಬ್ಬಳು ಹಮಾಲರಿಗೆ, ಲಾರಿಯವರಿಗೆ ಮೀನು ಅನ್ನ ಹಾಕುತ್ತಿದ್ದಳು. ಎಲ್ಲರೂ ಮೌಶಿ ಎನ್ನುತ್ತಿದ್ದರು. ಕೈಯಲ್ಲಿ ಒಂದು ಬಿಳಿ ಬಳೆ, ಒಂದು ಕೆಂಪು ಬಳೆ. ಬಾಗಿಲ ಬಳಿ ನೀರಿನ ಟಬ್ಬಿನಲ್ಲಿ ಆಗಷ್ಟೇ ಹಿಡಿದ ಮೀನು ಹೊರಳಾಡುತ್ತಿದ್ದವು. ಅದನ್ನು ನೋಡಿದ ಅತ್ತೆ "ಶಿವ ಶಿವಾ" ಎಂದು ಕಣ್ಣು ಮುಚ್ಚಿದರು. ಮೌಶಿ ಅತ್ತೆಯ ಹಣೆಯ ಮೂರು ಬೆರಳ ವಿಭೂತಿ ನೋಡಿದಳು, ನನ್ನ ಹೊಟ್ಟೆ ನೋಡಿದಳು, ಒಂದು ಗೋಣಿಚೀಲ ತಂದು ಟಬ್ಬಿನ ಮೇಲೆ ಹೊದಿಸಿದಳು. ಆಮೇಲೆ ನಾವು ಹೋದಾಗಲೆಲ್ಲ ಮೊದಲು ಆ ಚೀಲ ಹೊದಿಸಿಯೇ "ಬರ್ರಿ" ಎನ್ನುತ್ತಿದ್ದಳು.

ಹೊಸ ಬೋಗುಣಿಗೆ ಬಿಸಿ ಅನ್ನ, ಮೇಲೆ ಖಾರವಿಲ್ಲದ ತಿಳಿ ಸಾರು, ಒಂದು ದೊಡ್ಡ ತುಣುಕು ಮೀನು. ನನಗೆ ತಡೆಯಲಾಗಲಿಲ್ಲ. ಬದನೆಕಾಯಿ ತಿಂದ ಹಾಗೆ ಇಡೀ ತುಣುಕನ್ನು ಬಾಯಿಗಿಟ್ಟು ಅಗಿದುಬಿಟ್ಟೆ. ಮೀನಿನಲ್ಲಿ ಮುಳ್ಳಿರುತ್ತದೆ ಎನ್ನುವುದು ನನಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಗಂಟಲಿಗೆ ಚುಚ್ಚಿ ಕಣ್ಣು ಮೇಲೆ ಮಾಡಿದೆ. ಅತ್ತೆ "ಅಯ್ಯಯ್ಯೋ ನನ್ನ ಕೂಸು!" ಎಂದು ಚೀರಿದರು. ಮೌಶಿ ಬರೀ ಅನ್ನದ ಉಂಡೆ ನುಂಗಿಸಿ ಮುಳ್ಳು ಇಳಿಸಿದಳು. ಆಮೇಲೆ ಮೀನನ್ನು ಬಿಡಿಸಿ ತೋರಿಸಿದಳು. "ಮುಳ್ಳು ಕಣ್ಣಿಗಿ ಕಾಣಂಗಿಲ್ಲಮ್ಮಾ, ಬೆರಳಿಗಿ ಕಾಣತೈತಿ."

ಮೌಶಿಯನ್ನು ಆ ಕಡೆ ಗಿರಾಕಿಗಳು ಕರೆದರು. ಮುಳ್ಳಿಗೆ ಹೆದರಿ ನಾನು ಬೋಗುಣಿ ದೂರ ಸರಿಸಿದೆ. ಆಗ ಅತ್ತೆ ನನ್ನ ಪಕ್ಕಕ್ಕೆ ಸರಿದು ಕುಳಿತರು. ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ತಮ್ಮ ಸೆರಗು ಹಾಕಿ, ಎಡಗೈಯಿಂದ ಅದನ್ನು ಗಟ್ಟಿಯಾಗಿ ಮುಚ್ಚಿ ಹಿಡಿದರು, ಅದಕ್ಕೆ ಏನೂ ಕಾಣದಿರಲಿ ಎಂಬಂತೆ. ಬಲಗೈಯನ್ನು ನನ್ನ ಬೋಗುಣಿಗೆ ಹಾಕಿದರು. ಚಾಕು ಬೇರೆ, ತಂಬಿಗೆ ಬೇರೆ ಎನ್ನುತ್ತಿದ್ದ ಕೈ, ಲಿಂಗಕ್ಕೆ ಬಿಲ್ವಪತ್ರೆ ಏರಿಸುವ ಕೈ, ಮೀನಿನ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಮುಳ್ಳು ಹುಡುಕತೊಡಗಿತು. ಹೇಸಿಕೆಗೆ ಮುಖ ಆ ಕಡೆ ತಿರುಗಿಸಿದ್ದರು, ಬೆರಳು ಮಾತ್ರ ನಿಲ್ಲಲಿಲ್ಲ. ಒಂದೊಂದು ತುತ್ತಿಗೂ "ಇದರಾಗ ಇಲ್ಲ, ತಿನ್ನು" ಎನ್ನುತ್ತಿದ್ದರು. ತಿಂದೆ. ಬೋಗುಣಿ ಬರಿದಾಯಿತು. ಹೊರಗೆ ಬಂದು ಕಾಲುವೆಯ ಏರಿಯ ಮೇಲೆ ಕುಳಿತು ಬಹಳ ಹೊತ್ತು ಕಾದೆವು. ಹೊಟ್ಟೆಯೊಳಗಿನ ಅನ್ನ ಹೊಟ್ಟೆಯಲ್ಲೇ ಇತ್ತು. ಅತ್ತೆ ಆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ನನ್ನ ಸ್ವಂತ ತಾಯಿಯ ಮೇಲೂ ನನಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಆಮೇಲೆ ಪ್ರತಿ ಬುಧವಾರ ಹೊರಟೆವು. "ಡಾಕ್ಟರಮ್ಮನ ಹತ್ರ ಹೋಗಿ ಬರತೀವಿ" ಎಂದು ಹೇಳಿದ ಮೇಲೆ ಹೋಗಲೇಬೇಕು. ಪಾಪ, ಡಾಕ್ಟರಮ್ಮ "ಮತ್ತ ಬಂದ್ರಿ? ಹೋದ ವಾರ ತಾನೇ ನೋಡೀನಿ" ಎಂದು ನಗುತ್ತ ಬಿ.ಪಿ. ನೋಡುತ್ತಿದ್ದರು. ಅಲ್ಲಿಂದ ಮೌಶಿಯ ಚಪ್ಪರ. ಬೋಗುಣಿ ಅಲ್ಲೇ ಗೂಡಿನಲ್ಲಿ ನನಗಾಗಿ ಕಾದಿರುತ್ತಿತ್ತು. ಬುಧವಾರದ ಮೀನು ಒಳಗೆ ಹೋದ ಮೇಲೆ, ಅದೇನು ಮಾಯವೋ, ಉಳಿದ ದಿನಗಳ ರೊಟ್ಟಿಯೂ ನಿಲ್ಲತೊಡಗಿತು. ಮನೆಗೆ ಬಂದವರೇ ಅತ್ತೆ ಬೂದಿ, ಸೀಗೆಕಾಯಿ ಹಚ್ಚಿ ಕೈ ತಿಕ್ಕುತ್ತಿದ್ದರು. ಜಳಕ ಮಾಡಿ ದೇವರ ಕೋಣೆ ಹೊಕ್ಕರೆ ಆ ದಿನ ಅವರಿಗೆ ಊಟವಿಲ್ಲ. ನಾನು ಏನಾದರೂ ಕೇಳಹೋದರೆ ಕಣ್ಣಿನಲ್ಲೇ ಗದರಿಸುತ್ತಿದ್ದರು.

ಎಂಟನೆಯ ತಿಂಗಳು ಹಿಡಿಯಿತು. ಅಯ್ಯನವರು ಲಿಂಗಕಟ್ಟುವ ದಿನ ಗೊತ್ತುಮಾಡಲು ಬಂದರು. ಕೂಸಿನ ತೂಕ ಇನ್ನೂ ಕಡಿಮೆ ಎಂದು ಡಾಕ್ಟರಮ್ಮ ಹೇಳಿದ್ದರು. ಲಿಂಗ ಕಟ್ಟಿದರೆ ಬುಧವಾರ ನಿಲ್ಲಬೇಕು. ಅತ್ತೆ ಅಯ್ಯನವರಿಗೆ ಮೊದಲು ಅಮಾವಾಸ್ಯೆ ಅಡ್ಡ ತಂದರು. ಮುಂದಿನ ವಾರ "ನನಗ ಆರಾಮಿಲ್ಲ" ಎನ್ನಬೇಕಿತ್ತು. ಸುಳ್ಳಾಗಬಾರದೆಂದು ನಸುಕಿನಲ್ಲಿ ತಣ್ಣೀರು ತಲೆಗೆ ಸುರಿದುಕೊಂಡು ಒದ್ದೆ ಕೂದಲಲ್ಲೇ ಕುಳಿತು, ನಿಜವಾದ ಜ್ವರ ಬರಿಸಿಕೊಂಡರು. ಮತ್ತೆ ಮುಂದಕ್ಕೆ ಹೋಯಿತು. ಬಂಧುಗಳು ಬಿಡುತ್ತಾರೆಯೇ? "ಊರಿಗೆಲ್ಲಾ ಧರ್ಮ ಹೇಳತಿದ್ದಾಕಿ, ತನ್ನ ಮೊಮ್ಮಗುವಿಗಿ ಲಿಂಗ ಕಟ್ಟಿಸವಲ್ಲಳು" ಎಂದು ಎದುರಿಗೇ ಆಡಿದರು. ಮಾವ ಮಾತು ಬಿಟ್ಟರು. ಜೀವಮಾನವಿಡೀ ಮಡಿಯಿಂದ ಗಳಿಸಿದ್ದ ಹೆಸರು ಆ ಕೆಲವು ವಾರಗಳಲ್ಲಿ ಹಾಳಾಯಿತು. ಆದರೂ ಅತ್ತೆ ಬುಧವಾರ ಬಂದರೆ ನನ್ನ ಕೈ ಹಿಡಿದು ಆಟೊ ಹತ್ತುತ್ತಿದ್ದರು.

"ಈಗ ಚಿಂತಿ ಇಲ್ರಿ, ಕೂಸು ಮೈ ತುಂಬೈತಿ" ಎಂದು ಡಾಕ್ಟರಮ್ಮ ಹೇಳಿದ ದಿನ ಮೌಶಿಯ ಬಳಿ ಕಡೆಯ ಸಲ ಹೋದೆವು. ಅತ್ತೆ ಮನೆಯಿಂದ ಕುಪ್ಪಸದ ಬಟ್ಟೆ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಬಂದಿದ್ದರು. ಆ ತಗಡಿನ ಚಪ್ಪರದ ಕೆಳಗೆ, ಮೀನಿನ ಟಬ್ಬಿನ ಪಕ್ಕದಲ್ಲಿ, ಮೌಶಿಯನ್ನು ಮಣೆಯ ಮೇಲೆ ಕೂಡಿಸಿ ಕುಂಕುಮ ಹಚ್ಚಿ ಉಡಿ ತುಂಬಿದರು. ಮನೆಯ ಹೆಣ್ಣುಮಗಳನ್ನು ಕಳಿಸುವಾಗ ತುಂಬುವ ಹಾಗೆ. ಮೌಶಿ ಉಡಿ ಹಿಡಿದುಕೊಂಡು ಅತ್ತಳು, ಅವಳ ಭಾಷೆಯಲ್ಲಿ ಏನೋ ಹರಸಿದಳು. ಮರುದಿನವೇ ಅತ್ತೆ ಅಯ್ಯನವರಿಗೆ ಹೇಳಿ ಕಳಿಸಿ ಲಿಂಗ ಕಟ್ಟಿಸಿದರು. "ಇದು ನಾ ಮಣ್ಣಾಗೂತನಾ ಯಾರ ಮುಂದೂ ಆಡಬ್ಯಾಡ" ಎಂದು ನನ್ನಿಂದ ಭಾಷೆ ತೆಗೆದುಕೊಂಡರು. ಮಗಳು ಹುಟ್ಟಿದಳು, ಗುಂಡಗೆ, ಕೆಂಪಗೆ. ಅತ್ತೆ ಮೊದಲು ನೋಡಿದ್ದು ಅವಳ ಕಿವಿಗಳನ್ನು.

ಆಮೇಲೆ ಏನೂ ಆಗಿಲ್ಲವೆಂಬಂತೆ ಅತ್ತೆ ಮತ್ತೆ ಅದೇ ಅತ್ತೆಯಾದರು. ಅದೇ ಚಾಕು, ಅದೇ ತಂಬಿಗೆ. ನನಗೂ ಆ ಬಯಕೆ ಮತ್ತೆಂದೂ ಬರಲಿಲ್ಲ. ಮೊಮ್ಮಗಳು ಮಾತ್ರ ಅವರ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಪೂಜೆಗೆ ಕುಳಿತಾಗಲೂ ಅವಳಿಗೆ ಅಲ್ಲಿ ಜಾಗವಿತ್ತು. ಮೌಶಿ ಚಪ್ಪರ ಬಿಚ್ಚಿ ಮಗನ ಊರಿಗೆ ಹೋದಳೆಂದು ಎಷ್ಟೋ ವರ್ಷದ ಮೇಲೆ ಕೇಳಿದೆವು. ಆ ದಿನ ಅತ್ತೆ ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚಿದರು...

ಕಡೆಯ ವರ್ಷ ಹಾಸಿಗೆ ಹಿಡಿದರು. ಆಗ ಮಗಳು ಹೈದರಾಬಾದಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ರಜೆಗೆ ಬಂದರೆ ಅಜ್ಜಿಯ ಕೋಣೆಯ ಹೊಸ್ತಿಲಲ್ಲೇ ನಿಂತು ಮಾತಾಡಿಸುತ್ತಿದ್ದಳು. ಅತ್ತೆ ಹಾಸಿಗೆಯಿಂದ ಕೈ ಚಾಚಿ "ಬಾ, ಇಲ್ಲಿ ಕುಂದ್ರು" ಎನ್ನುತ್ತಿದ್ದರು. "ಬಸ್ಸಿನ್ಯಾಗ ಬಂದೀನಿ ಅಜ್ಜಿ, ಜಳಕ ಆಗಿಲ್ಲ" ಎಂದು ಅವಳು ಸರಿದುಹೋಗುತ್ತಿದ್ದಳು. ಜಳಕವಾದ ಮೇಲೂ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಅತ್ತೆ ಕೇಳಿದರು: "ಕೂಸಿಗಿ ನನ್ನ ಮ್ಯಾಲ ಯಾಕ ಸಿಟ್ಟು ಬೇ? ಹತ್ರ ಬರವಲ್ದು." ಪರೀಕ್ಷೆಯ ಚಿಂತೆ ಇರಬೇಕು ಎಂದೆ. ನನಗೆ ತಿಳಿದದ್ದೇ ಅಷ್ಟು. ಅದಾದ ಸ್ವಲ್ಪ ದಿನಕ್ಕೆ ಅತ್ತೆ ಹೋದರು. ಮಗಳು ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

"ಅಮ್ಮ, ಸಿಟ್ಟು ಬಂತೇನು?"

ಮಗಳು ಕೇಳಿದಾಗ ಅವಳ ಬೋಗುಣಿಯ ಹಬೆ ಆರಿತ್ತು. ಅವಳು ಊಟದ ಕಡ್ಡಿಗಳನ್ನು ಕೆಳಗಿಟ್ಟಳು. "ಹಾಸ್ಟೆಲ್‌ನ್ಯಾಗ ಇದ್ದಾಗಿಂದ ತಿನ್ನಾಕತ್ತೀನಿ. ನಿನಗ ಹೇಳದೆ ಇರಾಕ ಆಗವಲ್ದು, ಅದಕ್ಕಽ ಇವತ್ತ ಕರಕೊಂಡು ಬಂದೆ." ಸ್ವಲ್ಪ ತಡೆದು ಹೇಳಿದಳು: "ಅಜ್ಜಿ ಹಾಸಿಗಿ ಮ್ಯಾಲ ಅದಕ್ಕಽ ಕುಂದ್ರತಿರಲಿಲ್ಲ. ಆಕಿ ಅಷ್ಟು ಮಡಿಲೆ ಬದುಕಿದಾಕಿ. ಮೀನು ತಿಂದ ಮೈಲೆ ಮುಟ್ಟಿ, ಹೋಗೂ ಹೊತ್ತಿನ್ಯಾಗ ಆಕಿನ್ನ ಯಾಕ ಕೆಡಸಲಿ ಅಂತ..."

ಅತ್ತೆಗೆ ಕೊಟ್ಟ ಭಾಷೆಯ ಗಡುವು ಅವರು ಮಣ್ಣಾದ ದಿನವೇ ಮುಗಿದಿತ್ತು. ಎಲ್ಲವನ್ನೂ ಹೇಳಿದೆ. ಮಸ್ಕಿಯ ಕಾಯಿ, ತೌಡಿನ ಚೀಲ, ಬರಿಸಿಕೊಂಡ ಜ್ವರ, ಸೆರಗಿನ ಕೆಳಗೆ ಎಡಗೈ, ಬೋಗುಣಿಯಲ್ಲಿ ಬಲಗೈ. ತೌಡಿನ ಮಾತಿಗೆ ಮಗಳು ನಕ್ಕಳು. ಆಮೇಲೆ ನಗಲಿಲ್ಲ. ಜಪಾನಿನ ಅಜ್ಜಿ ಒಮ್ಮೆ ನಮ್ಮ ಕಡೆ ನೋಡಿ, ಚಹಾ ಇಟ್ಟು, ಸದ್ದು ಮಾಡದೆ ಹೋದಳು.

ಮಗಳು, ನನ್ನನ್ನಲ್ಲ, ಯಾರನ್ನೋ ಕೇಳುವ ಹಾಗೆ ಕೇಳಿದಳು.

"ಅಜ್ಜಿ ಕೈ ಚಾಚಿದ್ದಳಲ್ಲ..."

"ಹೌದು" ಎಂದೆ. "ಪ್ರತಿ ಸಲ ಚಾಚಿದ್ದರು."